ಘಾನಾದ ಹಳ್ಳಿ ಚರ್ಚ್‌ಗೆ ಹೋಗುವ ಮುನ್ನ ಗೊತ್ತಿರಬೇಕಾದ್ದು

ಘಾನಾದ ಹಳ್ಳಿಗೆ ಸ್ವಯಂಸೇವಕರಾಗಿ ಹೋದರೆ ಮೊದಲ ವಾರದಲ್ಲೇ ಯಾರಾದರೂ ಕೇಳುತ್ತಾರೆ, "ಭಾನುವಾರ ಯಾವ ಚರ್ಚ್‌ಗೆ ಬರ್ತೀರಿ?" ಬರ್ತೀರಾ ಅಂತ ಕೇಳುವುದೇ ಇಲ್ಲ, ಯಾವ ಚರ್ಚ್‌ಗೆ ಅಂತಲೇ ಕೇಳುವುದು. 2021ರ ಜನಗಣತಿಯ ಪ್ರಕಾರ ಅಲ್ಲಿ ನೂರಕ್ಕೆ 71 ಮಂದಿ ಕ್ರೈಸ್ತರು, ಸುಮಾರು 20 ಮಂದಿ ಮುಸ್ಲಿಮರು. ದಕ್ಷಿಣದ ಹಳ್ಳಿಗಳಲ್ಲಂತೂ ಭಾನುವಾರ ಬೆಳಿಗ್ಗೆ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಟ್ರೋಟ್ರೋ ಅಂತ ಕರೆಯುವ ಶೇರ್ ವ್ಯಾನ್‌ಗಳೂ ಕಡಿಮೆ, ಡ್ರೈವರೂ ಚರ್ಚ್‌ನಲ್ಲೇ ಕೂತಿರುತ್ತಾನಲ್ಲ!

ನನ್ನನ್ನು ಕೇಳಿದರೆ, ಹೋಗಿ ಅಂತಲೇ ಹೇಳುತ್ತೇನೆ. ನೀವು ಹಿಂದೂ ಆಗಿರಲಿ, ಜೈನರಾಗಿರಲಿ, ಯಾವ ದೇವರನ್ನೂ ನಂಬದವರಾಗಿರಲಿ, ಒಂದು ಸಲವಾದರೂ ಹೋಗಿ. ನೀವು ಪಾಠ ಮಾಡುವ ಶಾಲೆಯ ಹೆಡ್‌ಮಾಸ್ಟರು, ಕ್ಲಿನಿಕ್ಕಿನ ನರ್ಸು, ದಿನಾ ಮಧ್ಯಾಹ್ನ ಊಟ ಹಾಕುವ ಚಾಪ್ ಬಾರ್ ಅನ್ನುವ ಚಿಕ್ಕ ಹೋಟೆಲಿನ ಹೆಂಗಸು ಎಲ್ಲರೂ ಅಲ್ಲಿರುತ್ತಾರೆ. ವಾರದ ದಿನಗಳಲ್ಲಿ ನೀವು ಯಾವುದೋ ಸಂಸ್ಥೆಯಿಂದ ಬಂದವರು ಅಷ್ಟೇ. ಭಾನುವಾರ ಅವರ ಪಕ್ಕ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡರೆ ಸೋಮವಾರ ಮಾತಾಡಿಸುವ ರೀತಿಯೇ ಬೇರೆಯಾಗಿರುತ್ತೆ. ಹೋಗುವುದು ಅತಿಥಿಯಾಗಿ ಅನ್ನುವುದನ್ನು ಮಾತ್ರ ತಲೆಯಲ್ಲಿಟ್ಟುಕೊಂಡರೆ ಸಾಕು. ಭಕ್ತಿಯ ನಾಟಕ ಆಡಬೇಕಿಲ್ಲ, ದಾನಿಯ ಗತ್ತೂ ಬೇಡ.

ಮೊದಲು ಯಾವ ಚರ್ಚ್ ಅಂತ ತಿಳಿದುಕೊಳ್ಳಿ

ಚಿಕ್ಕ ಹಳ್ಳಿಯಲ್ಲೂ ನಾಲ್ಕೈದು ಚರ್ಚ್ ಇರುವುದು ಮಾಮೂಲು. ಪ್ರೆಸ್ಬಿಟೇರಿಯನ್, ಮೆಥಡಿಸ್ಟ್, ಕ್ಯಾಥೊಲಿಕ್, ಪೆಂಟೆಕೋಸ್ಟ್, ಇವಲ್ಲದೆ ತಗಡಿನ ಶೆಡ್ಡಿನಲ್ಲಿ ನಡೆಯುವ ಸ್ವತಂತ್ರ ಚರ್ಚ್‌ಗಳು. ಎಲ್ಲದರ ರೀತಿ ರಿವಾಜೂ ಒಂದೇ ಅಂದುಕೊಳ್ಳಬೇಡಿ. ಅಡ್ವೆಂಟಿಸ್ಟರದ್ದು ಶನಿವಾರವೇ ಆರಾಧನೆ, ನೀವು ಉಳಿದುಕೊಂಡ ಮನೆಯವರು ಆ ಪಂಥದವರಾದರೆ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಅವರನ್ನು ಕೆಲಸದ ವಿಷಯಕ್ಕೆ ಕರೆಯಬೇಡಿ. ಪೂರ್ವದ ವೋಲ್ಟಾ ಕಡೆ ಹೋದರೆ ಭಾಷೆ ಎವೆ. ಉತ್ತರದ ತಮಾಲೆ ಸುತ್ತ ಹೆಚ್ಚಿನವರು ಮುಸ್ಲಿಮರು. ನಾನು ಇಲ್ಲಿ ಹೇಳುತ್ತಿರುವುದು ಟ್ವಿ ಭಾಷೆ ಆಡುವ ಅಕ್ವಾಪೆಮ್ ಗುಡ್ಡಗಳು, ಕ್ವಾಹು, ಅಶಾಂತಿ ಕಡೆಯ ಹಳ್ಳಿಗಳ ಬಗ್ಗೆ, ಅದರಲ್ಲೂ ಜಾಸ್ತಿ ಪ್ರೆಸ್ಬಿಟೇರಿಯನ್ ಚರ್ಚ್ ಬಗ್ಗೆ. ಊರಿನವರು ಅದನ್ನು ಸುಮ್ನೆ "ಪ್ರೆಸ್ಬಿ" ಅನ್ನುತ್ತಾರೆ.

ಯಾವುದಕ್ಕೆ ಹೋಗಲಿ ಅಂತ ಗೊಂದಲವಾದರೆ ನೀವು ಉಳಿದುಕೊಂಡ ಮನೆಯವರ ಚರ್ಚ್‌ಗೇ ಮೊದಲು ಹೋಗಿ. ಅವರನ್ನು ಬಿಟ್ಟು ಪಕ್ಕದ ಮನೆಯವರ ಜೊತೆ ಹೊರಟರೆ ಬಾಯಿಬಿಟ್ಟು ಹೇಳದಿದ್ದರೂ ಬೇಜಾರು ಮಾಡಿಕೊಳ್ಳುತ್ತಾರೆ.

ಶನಿವಾರವೇ ಮಾಡಿಕೊಳ್ಳಬೇಕಾದ ತಯಾರಿ

ನೀವು ಹುಟ್ಟಿದ್ದು ಯಾವ ವಾರ? ಗೊತ್ತಿಲ್ಲದಿದ್ದರೆ ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿ, ಜಾತಕ ಇದ್ದರೆ ಅದರಲ್ಲೂ ಬರೆದಿರುತ್ತೆ. ಇದು ತಮಾಷೆಯಲ್ಲ, ಯಾಕೆ ಬೇಕು ಅಂತ ಕಾಣಿಕೆಯ ಭಾಗದಲ್ಲಿ ಹೇಳುತ್ತೇನೆ.

ಚಿಲ್ಲರೆ ಮಾಡಿಸಿಟ್ಟುಕೊಳ್ಳಿ. ಅಲ್ಲಿನ ದುಡ್ಡು ಸೆಡಿ. 5, 10ರ ನೋಟುಗಳು, ಒಂದೆರಡು ಸೆಡಿ ನಾಣ್ಯಗಳು ಕೈಯಲ್ಲಿರಲಿ. ಪೇಟೆಯ ಎಟಿಎಂನಿಂದ ತೆಗೆದ 100, 200ರ ನೋಟು ಮಾತ್ರ ಹಿಡಿದುಕೊಂಡು ಹೋದರೆ ಫಜೀತಿ, ಅಲ್ಲಿ ಕಾಣಿಕೆ ಹಾಕುವುದು ಒಂದೇ ಸಲ ಅಲ್ಲ. ಭಾನುವಾರ ಬೆಳಿಗ್ಗೆ ಚಿಲ್ಲರೆ ಕೊಡುವ ಅಂಗಡಿಯೂ ತೆರೆದಿರುವುದಿಲ್ಲ.

ಒಂದು ಬಿಳಿ ಕರ್ಚೀಫು ಇಟ್ಟುಕೊಳ್ಳಿ, ದೊಡ್ಡದೇ ಇರಲಿ. ಬೆವರು ಒರೆಸುವುದಕ್ಕೂ ಆಯ್ತು, ಕುಣಿಯುವಾಗ ಎತ್ತಿ ಬೀಸುವುದಕ್ಕೂ ಆಯ್ತು. ಹೌದು, ಕುಣಿಯಬೇಕಾಗುತ್ತೆ.

ಬಟ್ಟೆ ವಿಷಯದಲ್ಲಿ ಅಸಡ್ಡೆ ಬೇಡ. ಹೆಚ್ಚಿನ ಸ್ವಯಂಸೇವಕರು ಎಡವುವುದು ಇಲ್ಲೇ. ಹಳ್ಳಿ ಅಂದರೆ ಏನಾದರೂ ನಡೆಯುತ್ತೆ ಅಂತ ಟೀ ಶರ್ಟು, ಕಾರ್ಗೋ ಪ್ಯಾಂಟು, ಚಪ್ಪಲಿಯಲ್ಲಿ ಹೋಗುತ್ತಾರೆ. ವಾರವೆಲ್ಲ ಕೋಕೋ ತೋಟದಲ್ಲಿ ಹಳೇ ಅಂಗಿಯಲ್ಲಿ ದುಡಿದವನು ಅವತ್ತು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಪಾಲಿಶ್ ಹಾಕಿದ ಶೂನಲ್ಲಿ ಬಂದಿರುತ್ತಾನೆ. ಹೆಂಗಸರು ಕಾಬಾ ಮತ್ತು ಸ್ಲಿಟ್ ಅನ್ನುವ, ಮೈಗೆ ಹೊಂದುವಂತೆ ಹೊಲಿಸಿದ ಮೇಲಂಗಿ ಮತ್ತು ಉದ್ದ ಲಂಗದಲ್ಲಿರುತ್ತಾರೆ. ಗಂಡಸರು ಪ್ಯಾಂಟು, ಕಾಲರ್ ಇರುವ ಅಂಗಿ ಹಾಕಿದರೆ ಸಾಕು. ಹೆಂಗಸರಿಗೆ ಮೊಣಕಾಲು ಮುಚ್ಚುವ ಉಡುಪು ಬೇಕು, ಹಳ್ಳಿ ಚರ್ಚ್‌ಗೆ ಪ್ಯಾಂಟು ಬೇಡ. ಪೆಂಟೆಕೋಸ್ಟ್ ಚರ್ಚ್ ಆದರೆ ತಲೆಗೆ ಕಟ್ಟಲು ಒಂದು ಸ್ಕಾರ್ಫ್ ಚೀಲದಲ್ಲಿರಲಿ. ಸಲ್ವಾರ್ ಕಮೀಜ್, ಸೀರೆ ನಡೆಯುತ್ತಾ? ಧಾರಾಳವಾಗಿ ನಡೆಯುತ್ತೆ. ಟ್ವಿಗೆ ಡಬ್ ಆದ ಹಿಂದಿ ಧಾರಾವಾಹಿಗಳನ್ನು ಅಲ್ಲಿನವರು ಮುಗಿಬಿದ್ದು ನೋಡಿದ್ದಾರೆ. ಸೀರೆ ಉಟ್ಟು ಹೋದರೆ ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ಸೆರಗಿನ ಬಗ್ಗೆಯೇ ಉತ್ತರ ಹೇಳಬೇಕು, ಅಷ್ಟು ತಯಾರಿರಿ.

ಕುಡಿಯುವ ನೀರಿನ ಒಂದೆರಡು ಸ್ಯಾಶೆ ಶನಿವಾರವೇ ತಂದಿಟ್ಟುಕೊಳ್ಳಿ. ತಿಂಡಿ ತಿಂದೇ ಹೊರಡಿ. ಆರಾಧನೆ ಮೂರು ಗಂಟೆ ಹೊತ್ತು ಅಂದರೆ ಕಡಿಮೆಯೇ.

ಒಳಗೆ ಹೋಗುವಾಗ

ಒಂಬತ್ತು ಗಂಟೆ ಅಂದಿದ್ದರೆ ಒಂಬತ್ತಕ್ಕೇ ಹೋಗಿ. ಎಲ್ಲರೂ ತಡವಾಗಿ ಬರುತ್ತಾರೆ ಅಂತ ಯಾರೋ ಹೇಳಿದ ಮಾತು ಕೇಳಿ ನೀವೂ ಹತ್ತಕ್ಕೆ ಹೋದರೆ ಇಡೀ ಸಭೆ ತಿರುಗಿ ನೋಡುತ್ತೆ. ಅವರು ತಡವಾಗಿ ಬಂದರೆ ಹಿಂದಿನ ಬೆಂಚಿಗೆ ನುಸುಳುತ್ತಾರೆ, ನಿಮ್ಮನ್ನು ಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಹೋಗುತ್ತಾರೆ.

ಬಾಗಿಲ ಹತ್ತಿರ "ಮಾಚೆ" ಅನ್ನಿ, ಬೆಳಗಿನ ನಮಸ್ಕಾರ ಅದು. ಕೈ ಕುಲುಕುವುದು ಬಲಗೈಯಲ್ಲೇ. ಕೊಡುವುದು, ತೆಗೆದುಕೊಳ್ಳುವುದು, ತೋರಿಸುವುದು, ಕೈಬೀಸುವುದು ಯಾವುದೂ ಎಡಗೈಯಲ್ಲಿ ಬೇಡ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೆ ಎಡಚರಾಗಿದ್ದರೆ ಹುಷಾರು. ಸಾಲಾಗಿ ಕೂತವರಿಗೆಲ್ಲ ನಮಸ್ಕಾರ ಹೇಳುವುದಾದರೆ ನಿಮ್ಮ ಬಲಗಡೆಯಿಂದ ಶುರುಮಾಡಿ ಎಡಕ್ಕೆ ಬನ್ನಿ. ಮಧ್ಯದಿಂದ ಶುರುಮಾಡಿ ಒಬ್ಬರನ್ನು ಬಿಟ್ಟರೆ ಬಿಟ್ಟವರಿಗೆ ನೆನಪಿರುತ್ತೆ.

ಕೂರುವ ಜಾಗ ನೀವು ಆರಿಸಿಕೊಳ್ಳುವ ಹಾಗಿಲ್ಲ, ಆದರೆ ಸ್ವಲ್ಪ ಚೌಕಾಸಿ ಮಾಡಬಹುದು. ಮುಂದೆ ಹಿರಿಯರು, ಅಂದರೆ ಪ್ರೆಸ್ಬಿಟರ್‌ಗಳು, ಸಭೆಗೆ ಮುಖ ಮಾಡಿ ಕೂತಿರುತ್ತಾರೆ, ಅವರ ಪಕ್ಕದಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸುವುದು ಅವರ ಮರ್ಯಾದೆ. ಅಲ್ಲಿ ಕೂತರೆ ಮೂರು ಗಂಟೆ ಆಕಳಿಸುವ ಹಾಗಿಲ್ಲ. "ನಮ್ಮ ಮನೆಯವರ ಜೊತೆ ಕೂರುತ್ತೇನೆ" ಅಂತ ನಗುತ್ತಾ ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಎರಡನೇ ಸಲವೂ ಒತ್ತಾಯ ಮಾಡಿದರೆ ಸುಮ್ನೆ ಹೋಗಿ ಕೂತುಬಿಡಿ. ಸಾಧ್ಯವಾದರೆ ಸ್ಪೀಕರ್‌ನಿಂದ ದೂರ, ಕಿಟಕಿಗೆ ಹತ್ತಿರ ಕೂರಿ. ನೂರು ಜನ ಹಿಡಿಸುವ ಕಟ್ಟಡಕ್ಕೆ ಸಾವಿರ ಜನರ ಸ್ಪೀಕರ್ ಇಟ್ಟಿರುತ್ತಾರೆ. ಕರೆಂಟು ಹೋದಾಗ ಮಾತ್ರ ಕಿವಿಗೆ ಬಿಡುವು, ಅದೂ ಜನರೇಟರ್ ಇಲ್ಲದಿದ್ದರೆ.

ಎದ್ದು ನಿಂತು ಪರಿಚಯ ಹೇಳುವುದು

ಪ್ರಕಟಣೆಗಳ ಹೊತ್ತಿಗೆ ಹೊಸಬರು ಎದ್ದು ನಿಲ್ಲಿ ಅನ್ನುತ್ತಾರೆ. ಹೆಸರು, ಯಾವ ದೇಶ, ಯಾರ ಮನೆಯಲ್ಲಿದ್ದೀರಿ, ಎಷ್ಟು ದಿನ ಇರುತ್ತೀರಿ. ಇಷ್ಟು ಇಂಗ್ಲಿಷಿನಲ್ಲಿ ಹೇಳಿದರೆ ಯಾರಾದರೂ ಟ್ವಿಗೆ ತಿರುಗಿಸುತ್ತಾರೆ. ಕೊನೆಗೆ "ಮೆದಾಸೆ" ಅಂದರೆ ಚಪ್ಪಾಳೆ ಖಂಡಿತ, ಧನ್ಯವಾದ ಹೇಳಿದ ಹಾಗೆ. ಹೆಂಗಸರು ಒಂದು ಸ್ವಾಗತದ ಹಾಡು ಹಾಡಬಹುದು, ಅಕ್ಕಪಕ್ಕದವರು ಬಂದು ಕೈ ಕುಲುಕಬಹುದು.

ಯಾವ ಚರ್ಚ್‌ನವರು ಅಂತಲೂ ಕೇಳುತ್ತಾರೆ. ಕ್ರೈಸ್ತರಲ್ಲದಿದ್ದರೆ ಸುಳ್ಳು ಹೇಳಬೇಡಿ, ಭಾಷಣವನ್ನೂ ಮಾಡಬೇಡಿ. "ನಾನು ಹಿಂದೂ, ನಿಮ್ಮ ಜೊತೆ ಇರೋಣ ಅಂತ ಬಂದೆ" ಅಂದರೆ ಮುಗಿಯಿತು. ಹಿಂದೂ ಅಂದರೆ ಕೇಳೇ ಇಲ್ಲದವರು ಅವರು ಅಂತ ಭಾವಿಸಬೇಡಿ. ಆಕ್ರಾದಲ್ಲಿ ಘಾನಾದವರೇ ಆದ ಸ್ವಾಮಿ ಘನಾನಂದ ಸರಸ್ವತಿ ಕಟ್ಟಿದ ಹಿಂದೂ ಮಠವೇ ಇದೆ. ನಿಮ್ಮನ್ನು ಕ್ರೈಸ್ತರಾಗಿಸಲು ಕೆಲವರು ಪ್ರೀತಿಯಿಂದಲೇ ಪ್ರಯತ್ನ ಮಾಡುತ್ತಾರೆ, ಪ್ರತಿ ವಾರವೂ ಮಾಡುತ್ತಾರೆ. ಅದಕ್ಕೆ ಮುಖ ಸಿಂಡರಿಸಿಕೊಳ್ಳದೆ "ನನಗಾಗಿ ಪ್ರಾರ್ಥಿಸಿ" ಅಂದುಬಿಟ್ಟರೆ ಇಬ್ಬರಿಗೂ ಸಮಾಧಾನ.

ಪರಿಚಯ ಹೇಳುವಾಗ ಸಂಸ್ಥೆಯ ಪರವಾಗಿ ಯಾವ ಮಾತನ್ನೂ ಕೊಡಬೇಡಿ. ಚರ್ಚ್‌ನ ಚಾವಣಿ ಅರ್ಧಕ್ಕೆ ನಿಂತಿರುತ್ತೆ, ಅದನ್ನು ನಿಮಗೆ ತೋರಿಸಿಯೂ ಇರುತ್ತಾರೆ. ಮೈಕು ಕೈಗೆ ಬಂದ ಖುಷಿಯಲ್ಲಿ "ನೋಡೋಣ, ಊರಿಗೆ ಹೋಗಿ ವಿಚಾರಿಸುತ್ತೇನೆ" ಅಂದರೆ ನಿಮಗದು ಸುಮ್ನೆ ಮಾತಿಗೆ ಹೇಳಿದ್ದು. ಟ್ವಿಗೆ ತಿರುಗಿ ಸಭೆಯ ಕಿವಿಗೆ ಬೀಳುವಾಗ ಅದು ಭರವಸೆ. ನೀವು ವಿಮಾನ ಹತ್ತಿ ಹೋಗುತ್ತೀರಿ, ಮುಂದೆ ಬರುವ ಸ್ವಯಂಸೇವಕ ಉತ್ತರ ಕೊಡಬೇಕಾಗುತ್ತೆ.

ಹಾಡು, ಮತ್ತೆ ನಮ್ಮ ಮಂಗಳೂರಿನ ನಂಟು

ಪ್ರೆಸ್ಬಿ ಚರ್ಚ್‌ನಲ್ಲಿ ಹಾಡು ಎರಡು ಬಗೆ. ಪುಸ್ತಕದ ಹಾಡುಗಳಿಗೆ ನಂಬರ್ ಕೂಗುತ್ತಾರೆ, ಪಕ್ಕದವರು ಪುಸ್ತಕವನ್ನು ನಿಮ್ಮ ಕಡೆ ಸರಿಸುತ್ತಾರೆ, ಎದ್ದು ನಿಂತು ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಹೋದರೆ ಸಾಕು. ದಕ್ಷಿಣ ಕನ್ನಡ, ಉಡುಪಿ, ಧಾರವಾಡ ಕಡೆಯ ಸಿಎಸ್ಐ ಚರ್ಚ್‌ಗಳಲ್ಲಿ ಬೆಳೆದವರಿಗೆ ಇಲ್ಲಿ ಒಂದು ಆಶ್ಚರ್ಯ ಕಾದಿರುತ್ತೆ. ಪದಗಳು ಗೊತ್ತಿಲ್ಲದಿದ್ದರೂ ರಾಗ ಎಲ್ಲೋ ಕೇಳಿದ ಹಾಗಿರುತ್ತೆ.

ಕಾರಣ ಇದೆ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ನೇ 1828ರಲ್ಲಿ ಘಾನಾಕ್ಕೂ ಹೋಗಿತ್ತು, ಆಗ ಅದರ ಹೆಸರು ಗೋಲ್ಡ್ ಕೋಸ್ಟ್. ಕಿಟ್ಟೆಲ್ ನಮ್ಮಲ್ಲಿಗೆ ಬಂದದ್ದು 1853ರಲ್ಲಿ. ಅದೇ 1853ರಲ್ಲಿ ಅದೇ ಮಿಶನ್ನಿನ ಕ್ರಿಸ್ಟಾಲರ್ ಅನ್ನುವವರು ಅಕ್ವಾಪೆಮ್ ಗುಡ್ಡದ ಅಕ್ರೊಪಾಂಗ್‌ಗೆ ಹೋದರು. ಅವರು ಟ್ವಿ ಭಾಷೆಗೆ 1871ರಲ್ಲಿ ಇಡೀ ಬೈಬಲ್ ತಂದರು, 1881ರಲ್ಲಿ ನಿಘಂಟು ಮಾಡಿದರು. ಕಿಟ್ಟೆಲ್ ಅವರ ಕನ್ನಡ ನಿಘಂಟು ಬಂದದ್ದು 1894ರಲ್ಲಿ. ಈ ಮಿಶನರಿಗಳು ತಂದ ಜರ್ಮನ್ ರಾಗಗಳು ಎರಡೂ ಕಡೆ ಉಳಿದುಕೊಂಡಿವೆ. ಅಕ್ವಾಪೆಮ್ ಕಡೆಯ ಹಿರಿಯ ಪ್ರೆಸ್ಬಿಟರ್ ಹತ್ತಿರ "ನಮ್ಮೂರಿಗೂ ಬಾಸೆಲ್‌ನವರು ಬಂದಿದ್ದರು" ಅಂತ ಒಂದು ಮಾತು ಹೇಳಿ ನೋಡಿ. ಪರಿಚಯಕ್ಕೆ ಅದಕ್ಕಿಂತ ಒಳ್ಳೆಯ ದಾರಿ ನನಗಂತೂ ಗೊತ್ತಿಲ್ಲ.

ಎರಡನೇ ಬಗೆ ಡ್ರಮ್ಮು, ಕೀಬೋರ್ಡಿನ ಹಾಡುಗಳು. ಇವಕ್ಕೆ ಪುಸ್ತಕ ಬೇಡ. ಜನ ಬೆಂಚು ಬಿಟ್ಟು ಎದ್ದು ಮುಂದಿನ ಖಾಲಿ ಜಾಗದಲ್ಲಿ ಸುತ್ತು ಹೊಡೆಯುತ್ತಾರೆ, ಕರ್ಚೀಫು ತಲೆ ಮೇಲೆ ತಿರುಗುತ್ತಿರುತ್ತೆ. ಅಜ್ಜಿಯೊಬ್ಬರು ಬಂದು ನಿಮ್ಮ ಕೈ ಹಿಡಿದರೆ ಎದ್ದುಬಿಡಿ. ಮೊಣಕಾಲು ಸ್ವಲ್ಪ ಬಗ್ಗಿಸಿ, ಪಾದ ನೆಲ ಬಿಡದೆ ಸರಿಯುತ್ತಾ ಹೋದರೆ ಸಾಕು, ಜಿಗಿಯಬೇಡಿ. ಜಿಗಿಯುವುದು ಟಿವಿಯಲ್ಲಿ ಆಫ್ರಿಕಾ ನೋಡಿದವರ ಅಭ್ಯಾಸ.

ಕಾಣಿಕೆ

ಈಗ ಹುಟ್ಟಿದ ವಾರದ ವಿಷಯ. ಟ್ವಿ ಆಡುವ ಅಕಾನ್ ಜನರಲ್ಲಿ ಮಗುವಿಗೆ ಹುಟ್ಟಿದ ವಾರದ ಹೆಸರು ತಾನಾಗಿಯೇ ಬರುತ್ತೆ. ಭಾನುವಾರ ಹುಟ್ಟಿದ ಗಂಡು ಕ್ವಾಸಿ, ಹೆಣ್ಣು ಅಕೋಸುವಾ. ಸೋಮವಾರ ಕ್ವಾಜೊ, ಅಜೋವಾ. ಮಂಗಳವಾರ ಕ್ವಾಬೆನಾ, ಅಬೆನಾ. ಬುಧವಾರ ಕ್ವಾಕು, ಅಕುವಾ. ಗುರುವಾರ ಯಾವ್, ಯಾ. ಶುಕ್ರವಾರ ಕೋಫಿ, ಅಫುವಾ. ಶನಿವಾರ ಕ್ವಾಮೆ, ಅಮಾ. ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಶುಕ್ರವಾರದವರು, ಘಾನಾಕ್ಕೆ ಸ್ವಾತಂತ್ರ್ಯ ತಂದ ಕ್ವಾಮೆ ಎನ್‌ಕ್ರುಮಾ ಶನಿವಾರದವರು.

ಮಾಮೂಲಿ ಕಾಣಿಕೆ ಒಂದು ಇರುತ್ತೆ. ಅದಾದ ಮೇಲೆ "ಕೋಫಿ ನೆ ಅಮಾ" ಅಂತ ಇನ್ನೊಂದು, ವಾರಗಳ ಪೈಪೋಟಿ ಇದು. ಮೈಕಿನವರು ಒಂದೊಂದೇ ವಾರವನ್ನು ಕೂಗುತ್ತಾರೆ, ಆ ವಾರ ಹುಟ್ಟಿದವರು ಎದ್ದು ಕುಣಿಯುತ್ತಾ ಮುಂದೆ ಹೋಗಿ ಬಟ್ಟಲಿಗೆ ದುಡ್ಡು ಹಾಕುತ್ತಾರೆ. ಅಲ್ಲೇ ಮೇಜಿನ ಮೇಲೆ ಎಣಿಕೆ ನಡೆದು, ಯಾವ ವಾರದವರು ಜಾಸ್ತಿ ಹಾಕಿದರು ಅಂತ ಕೂಗಿ ಹೇಳುತ್ತಾರೆ. ಗೆದ್ದವರ ಕೂಗಾಟ, ಸೋತವರ ಕಾಲೆಳೆಯುವುದು, ಎರಡು ಸೆಡಿಯಿಂದ ಸೋತೆವಲ್ಲ ಅಂತ ಮುದುಕರು ಒಬ್ಬರನ್ನೊಬ್ಬರು ದೂರುವುದು, ನೋಡಲು ಎರಡು ಕಣ್ಣು ಸಾಲದು. ನಿಮ್ಮ ವಾರ ಬಂದಾಗ ನೀವು ಎದ್ದರೆ ಆ ಗುಂಪಿಗೆ ಒಬ್ಬರು ಹೆಚ್ಚಾದ ಖುಷಿ. ಅವತ್ತಿನಿಂದ ಊರಿನಲ್ಲಿ ನಿಮ್ಮ ಹೆಸರು ಯಾರಿಗೂ ನೆನಪಿರುವುದಿಲ್ಲ, ಯಾವ್ ಅಂತಲೋ ಅಬೆನಾ ಅಂತಲೋ ಕರೆಯುತ್ತಾರೆ. ಬೆಳ್ಳಗಿರಲಿ ಕಪ್ಪಗಿರಲಿ ಹೊರಗಿನವರನ್ನೆಲ್ಲ ಮಕ್ಕಳು "ಒಬ್ರೋನಿ" ಅಂತ ಕೂಗುತ್ತಾ ಹಿಂದೆ ಬರುತ್ತವಲ್ಲ, ಅದಕ್ಕಿಂತ ಇದು ಎಷ್ಟೋ ಮೇಲು.

ಎಷ್ಟು ಹಾಕಬೇಕು? ಪಕ್ಕದವರಷ್ಟೇ, ಅಥವಾ ಸ್ವಲ್ಪ ಜಾಸ್ತಿ. ಮಡಿಸಿ, ಬಲಗೈ ಮುಷ್ಟಿಯಲ್ಲಿ ಹಿಡಿದು ಹಾಕಿ. ನೀವೊಬ್ಬರೇ 200ರ ನೋಟು ಹಾಕಿ ನಿಮ್ಮ ವಾರವನ್ನು ಗೆಲ್ಲಿಸಿದರೆ ಆಟವೇ ಕೆಟ್ಟುಹೋಗುತ್ತೆ, ಮುಂದಿನ ವಾರ ನಿಮ್ಮಿಂದ ಅಷ್ಟನ್ನೇ ನಿರೀಕ್ಷಿಸುತ್ತಾರೆ. ಚರ್ಚ್‌ಗೆ ನಿಜವಾಗಿಯೂ ಹೆಚ್ಚು ಕೊಡಬೇಕು ಅನಿಸಿದರೆ ಊರು ಬಿಡುವ ಮುಂಚೆ ಹಿರಿಯರ ಕೈಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ.

ವರ್ಷಕ್ಕೊಮ್ಮೆ ಸುಗ್ಗಿ ಆರಾಧನೆ ಇರುತ್ತೆ, ಅದನ್ನು ಹಾರ್ವೆಸ್ಟ್ ಅನ್ನುತ್ತಾರೆ. ಅವತ್ತು ಹೋಗುವುದಾದರೆ ದುಡ್ಡು ಇನ್ನಷ್ಟು ಇರಲಿ. ಬಾಳೆಗೊನೆ, ಗೆಣಸಿನ ಹಾಗಿರುವ ದೊಡ್ಡ ಯಾಮ್ ಗೆಡ್ಡೆ, ಮೊಟ್ಟೆ, ಕಾಲು ಕಟ್ಟಿದ ಹುಂಜ ಎಲ್ಲವನ್ನೂ ಸವಾಲು ಕೂಗುತ್ತಾರೆ. ಮಾರ್ಕೆಟ್ ಬೆಲೆಗಿಂತ ಎಷ್ಟೋ ಪಟ್ಟು ಏರುತ್ತೆ, ಏರಬೇಕು ಅಂತಲೇ ಕೂಗುವುದು. ಮಂಗಳೂರು ಕಡೆ ಚರ್ಚ್‌ನ ಏಲಂ ನೋಡಿದವರಿಗೆ ಹೊಸದೇನಲ್ಲ. ಕೂಗುವವನ ಕಣ್ಣು ನಿಮ್ಮ ಮೇಲೆ ಬಿದ್ದೇ ಬೀಳುತ್ತೆ. ಒಂದು ಅನಾನಸನ್ನೋ ಒಂದು ಟ್ರೇ ಮೊಟ್ಟೆಯನ್ನೋ ಮನಸ್ಸಿನಲ್ಲೇ ಗುರುತು ಮಾಡಿಕೊಂಡು, ಇಷ್ಟರವರೆಗೆ ಅಂತ ಲೆಕ್ಕ ಹಾಕಿ, ಅದಕ್ಕೆ ಮಾತ್ರ ಕೂಗಿ. ಹುಂಜಕ್ಕೆ ಕೈ ಎತ್ತಬೇಡಿ, ಮನೆಗೆ ಹೊತ್ತುಕೊಂಡು ಹೋಗಬೇಕಾದವರು ನೀವೇ.

ಪ್ರಾರ್ಥನೆ, ಪ್ರಸಂಗ, ಪ್ರಭು ಭೋಜನ

ಪ್ರಾರ್ಥನೆ ಶುರುವಾದರೆ ಎಲ್ಲರೂ ಒಟ್ಟಿಗೆ, ಒಬ್ಬೊಬ್ಬರು ಒಂದೊಂದು ಪ್ರಾರ್ಥನೆಯನ್ನು ಜೋರಾಗಿ ಹೇಳುತ್ತಾರೆ. ಮೊದಲ ಸಲ ಕೇಳಿದವರಿಗೆ ಗಲಾಟೆ ಆಯ್ತೇನೋ ಅನಿಸುತ್ತೆ. ಪೆಂಟೆಕೋಸ್ಟ್ ಚರ್ಚ್‌ನಲ್ಲಿ ಇದು ಇನ್ನೂ ಜೋರು, ಅಳುವವರು, ನಡುಗುವವರು, ನೆಲಕ್ಕೆ ಬೀಳುವವರು ಇರುತ್ತಾರೆ, ನೋಡಿಕೊಳ್ಳಲು ಜನವೂ ಇರುತ್ತಾರೆ. ನೀವು ತಲೆ ಬಗ್ಗಿಸಿ ಕಣ್ಣು ಮುಚ್ಚಿ ನಿಂತರೆ ಸಾಕು. ಫೋನ್ ಎತ್ತಿ ವಿಡಿಯೊ ಮಾಡುವುದಂತೂ ಬೇಡವೇ ಬೇಡ. ಫೋಟೊ ಬೇಕಾದರೆ ಆಮೇಲೆ ಹೊರಗೆ, ಕೇಳಿ ತೆಗೆಯಿರಿ.

ಪ್ರಸಂಗ ಟ್ವಿಯಲ್ಲಿ. ಹಳ್ಳಿಯಲ್ಲಿ ಒಬ್ಬ ಪಾದ್ರಿಗೆ ಹಲವು ಊರುಗಳ ಜವಾಬ್ದಾರಿ ಇರುವುದರಿಂದ ಎಷ್ಟೋ ಭಾನುವಾರ ಉಪದೇಶಿಯೋ ಹಿರಿಯರೋ ಮಾತಾಡುತ್ತಾರೆ. ಇಂಗ್ಲಿಷ್ ಬರುವ ಹುಡುಗನನ್ನು ನಿಮ್ಮ ಪಕ್ಕ ಕೂರಿಸಿದ್ದರೆ ಅವನು ಹತ್ತು ನಿಮಿಷದ ಮಾತನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾನೆ. ಇನ್ನಷ್ಟು ಹೇಳು ಅಂತ ಪೀಡಿಸಬೇಡಿ, ಅವನಿಗೂ ಪ್ರಸಂಗ ಕೇಳಬೇಕಲ್ವಾ.

ಒಂದು ಎಚ್ಚರಿಕೆ. ಪ್ರಸಂಗದ ಕೊನೆಯಲ್ಲಿ ಕೈ ಎತ್ತಿ, ಎದ್ದು ನಿಲ್ಲಿ, ಮುಂದೆ ಬನ್ನಿ ಅಂತ ಕರೆಯುವುದುಂಟು. ಯೇಸುವನ್ನು ಸ್ವೀಕರಿಸುವವರಿಗೆ ಅಂತ ಕರೆದಿರಬಹುದು. ಏನು ಕೇಳಿದರು ಅಂತ ಪಕ್ಕದವರಿಂದ ತಿಳಿದುಕೊಂಡೇ ಕೈ ಎತ್ತಿ. ರೊಟ್ಟಿ, ದ್ರಾಕ್ಷಾರಸ ಕೊಡುವಾಗ ಕೂತಲ್ಲೇ ಇರಿ, ಅದು ಆ ಸಭೆಯ ಸದಸ್ಯತ್ವ ಪಡೆದವರಿಗೆ. ಕ್ಯಾಥೊಲಿಕ್ ಚರ್ಚ್‌ನಲ್ಲಿ ಕ್ಯಾಥೊಲಿಕರಿಗೆ ಮಾತ್ರ. ಕೂತೇ ಇದ್ದಿರಿ ಅಂತ ಯಾರೂ ತಪ್ಪು ತಿಳಿಯುವುದಿಲ್ಲ.

ಸಾವಿನ ಮನೆಯವರು ಬಂದ ಭಾನುವಾರ

ಅಲ್ಲಿ ಶವಸಂಸ್ಕಾರ ಹೆಚ್ಚಾಗಿ ಶನಿವಾರ, ಊರಿಗೂರೇ ಕಪ್ಪು ಕೆಂಪು ಬಟ್ಟೆಯಲ್ಲಿ ಸೇರುತ್ತೆ. ಮಾರನೇ ದಿನ ಮನೆಯವರು ಕೃತಜ್ಞತೆಯ ಆರಾಧನೆಗೆ ಬರುತ್ತಾರೆ, ಬಿಳಿ ಅಥವಾ ಕಪ್ಪು ಬಿಳುಪಿನ ಬಟ್ಟೆ ಹಾಕಿರುತ್ತಾರೆ. ಮುಂದಿನ ಸಾಲುಗಳು ಅವರವು, ಅಲ್ಲಿ ಕೂರಬೇಡಿ. ಅವತ್ತು ಆರಾಧನೆ ಇನ್ನೂ ಉದ್ದ, ಹಾಡು ಕುಣಿತವೂ ಜಾಸ್ತಿ. ಸಾವಿನ ಮನೆಯವರು ಕುಣಿಯುತ್ತಿದ್ದಾರಲ್ಲ ಅಂತ ಹುಬ್ಬೇರಿಸಬೇಡಿ.

ಮುಗಿದ ಮೇಲೆ

ತಕ್ಷಣ ಹೊರಟುಬಿಡಬೇಡಿ. ಹೊರಗೆ ಮರದ ಕೆಳಗೆ ಅರ್ಧ ಗಂಟೆ ನಿಲ್ಲಿ, ನಿಜವಾದ ಪರಿಚಯ ಆಗುವುದು ಅಲ್ಲೇ. ಪಾದ್ರಿಯನ್ನು "ಒಸೊಫೊ" ಅನ್ನಿ, ವಯಸ್ಸಾದ ಹೆಂಗಸರನ್ನು "ಮಾಮೆ" ಅಥವಾ "ಆಂಟಿ" ಅನ್ನಿ. ಬರೀ ಹೆಸರು ಹಿಡಿದು ಹಿರಿಯರನ್ನು ಕರೆಯಬೇಡಿ.

ಊಟ ಮಾಡುತ್ತಿರುವವರ ಮುಂದೆ ಹಾದುಹೋದರೆ "ಯು ಆರ್ ಇನ್ವೈಟೆಡ್" ಅನ್ನುತ್ತಾರೆ. ಅದು ಮರ್ಯಾದೆಯ ಮಾತು, ನಮ್ಮಲ್ಲಿ "ಬನ್ನಿ ಊಟಕ್ಕೆ" ಅನ್ನುವ ಹಾಗೆ. ಧನ್ಯವಾದ ಹೇಳಿ ಮುಂದೆ ಹೋಗಬಹುದು. ಮನೆಗೇ ಕರೆದು ಕುರ್ಚಿ ಹಾಕಿದರೆ ಮಾತ್ರ ಕೂರಲೇಬೇಕು. ಫುಫು ಬರುತ್ತೆ, ಮರಗೆಣಸು ಮತ್ತು ಬಾಳೆಕಾಯಿ ಬೇಯಿಸಿ ಒನಕೆಯಲ್ಲಿ ಕುಟ್ಟಿದ ಮುದ್ದೆ. ರಾಗಿ ಮುದ್ದೆ ತಿಂದು ಬೆಳೆದವರಿಗೆ ಅಲ್ಲಿ ಭಾರೀ ಮೆಚ್ಚುಗೆ, ಅಗಿಯದೆ ನುಂಗುವುದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಸಾರು ಮೇಕೆಯದ್ದೋ ಮೀನಿನದ್ದೋ ಆಗಿರುತ್ತೆ. ಸಸ್ಯಾಹಾರಿಗಳು ಇದನ್ನು ಬಟ್ಟಲು ಮುಂದೆ ಬಂದಾಗ ಹೇಳಿದರೆ ಮನೆಯಾಕೆಗೆ ಮುಜುಗರ, ಶನಿವಾರವೇ ಹೇಳಿಡಿ. ಮಾಂಸ ತಿನ್ನಲ್ಲ ಅಂದರೆ ಸಾಲದು, ಮೀನು, ಒಣ ಮೀನಿನ ಪುಡಿಯೂ ಬೇಡ ಅಂತ ಬಿಡಿಸಿ ಹೇಳಬೇಕು. ಅಲಸಂದೆ ಕಾಳಿನ ಗೊಜ್ಜು, ಕರಿದ ಬಾಳೆಹಣ್ಣು ಸಿಗುತ್ತೆ, ಅದನ್ನು "ರೆಡ್ ರೆಡ್" ಅನ್ನುತ್ತಾರೆ, ತುಂಬಾ ಚೆನ್ನಾಗಿರುತ್ತೆ.

ಸಂಜೆಯೊಳಗೆ ಇನ್ನೊಂದು ಚರ್ಚ್‌ನವರು ಬಂದು ಮುಂದಿನ ಭಾನುವಾರ ನಮ್ಮಲ್ಲಿಗೆ ಬನ್ನಿ ಅನ್ನುತ್ತಾರೆ. ಬೇರೆ ಚರ್ಚ್‌ಗಳಿಗೆ ಒಂದೊಂದು ಸಲ ಹೋಗಿ ಬನ್ನಿ, ಉಳಿದ ವಾರಗಳಲ್ಲಿ ಮನೆಯವರ ಚರ್ಚ್‌ಗೇ ಹೋಗಿ. ಹೋಗಲು ಆಗದ ಭಾನುವಾರ ಇದ್ದರೆ ಮುಂಚೆಯೇ ಹೇಳಿ. ಹೇಳದಿದ್ದರೆ ಮಧ್ಯಾಹ್ನದ ಹೊತ್ತಿಗೆ ನಿಮಗೆ ಜ್ವರ ಬಂದಿರಬೇಕು ಅಂತ ನಾಲ್ಕು ಜನ ಬಾಗಿಲು ತಟ್ಟುತ್ತಾರೆ.